ಜೋಡಿಗಣ್ಣಿನ ಕ್ಯಾಮೆರಾ

"ಗುರುಗಳೇ, ಸಾಮಾಯಿಕಕ್ಕೆ ಯಾವ ಜಪಮಾಲೆ ಒಳ್ಳೆಯದು? ಚಂದನದ ಮಣಿಯದೋ, ಸ್ಫಟಿಕದ್ದೋ, ನೂಲಿನ ಗಂಟಿನದೋ?"

ಕೇಳಿದವನು ನೇಮಣ್ಣ. ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟ ಗೃಹಸ್ಥ. ದಿನಕ್ಕೊಮ್ಮೆ ಒಂದೆಡೆ ಕೂತು ಮನಸ್ಸನ್ನು ಸಮಸ್ಥಿತಿಗೆ ತರುವುದಕ್ಕೆ ಸಾಮಾಯಿಕ ಎನ್ನುತ್ತಾರೆ. ಆ ವ್ರತವನ್ನು ಅವನು ಚಾತುರ್ಮಾಸದ ಆರಂಭದಲ್ಲಿ ಗುರುಗಳ ಎದುರಿಗೇ ಹಿಡಿದಿದ್ದ. ಈಗ ಮಳೆಗಾಲ ಮುಗಿಯುತ್ತ ಬಂದಿತ್ತು.

"ಕೂರುತ್ತಿದ್ದೀಯೇನಪ್ಪ?" ಎಂದು ಗುರುಗಳು ಕೇಳಿದರು.

"ಇನ್ನೂ ಇಲ್ಲ, ಗುರುಗಳೇ. ದರ್ಭೆಯ ಚಾಪೆ ನೋಡಿ ಬಂದೆ, ಅಂಚು ಸರಿ ಕಾಣಲಿಲ್ಲ. ಕೂರುವ ಕೋಣೆಗೆ ಸುಣ್ಣ ಆಗಬೇಕು. ಎಲ್ಲ ಕೂಡಿಬರಲಿ ಎಂದಿದ್ದೇನೆ. ಮಾಡುವುದನ್ನು ಸರಿಯಾಗಿ ಮಾಡಬೇಕಲ್ಲ?"

"ಮಾಡಬೇಕು," ಎಂದರು ಗುರುಗಳು. ನೇಮಣ್ಣ ಹುಡುಗಾಟದ ಮನುಷ್ಯನಲ್ಲ ಎಂದು ಅವರು ಬಲ್ಲರು. "ಹೀಗೆಯೇ ಸರಿಯಾಗಿ ಮಾಡಲು ಹೊರಟವನೊಬ್ಬನಿದ್ದ. ಕೇಳು," ಎಂದು ಹೇಳತೊಡಗಿದರು.

ಹೊಳೆಯ ಆಚೆ ದಂಡೆಯ ಊರಿನಲ್ಲಿ ಪಾಯಪ್ಪ ಎಂಬ ಫೋಟೋಗ್ರಾಫರನಿದ್ದ. ರೀಲು ಹಾಕಿ ಪಟ ತೆಗೆಯುತ್ತಿದ್ದ ಕಾಲ ಅದು. ಜನ ಅವನನ್ನು ಪಟದ ಪಾಯಪ್ಪ ಎಂದೇ ಕರೆಯುತ್ತಿದ್ದರು. ಮದುವೆಗೆ, ಸೀಮಂತಕ್ಕೆ, ತೊಟ್ಟಿಲಿಗೆ ಅವನೇ ಬರಬೇಕು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಯ ಗೋಡೆ ನೋಡಿದರೂ ಅವನು ತೆಗೆದ ಮುಖಗಳೇ. ಅವನ ಸ್ವಂತ ಮನೆಯ ಗೋಡೆಯ ಮೇಲೆ ಮಾತ್ರ ಅವನ ಅಕ್ಕನ ಪಟ ಇರಲಿಲ್ಲ. ಕಂಬಾರನ ಮನೆಯ ಕುಡಗೋಲು ಮೊಂಡು ಎನ್ನುವ ಹಾಗೆ. ಇವತ್ತಲ್ಲದಿದ್ದರೆ ನಾಳೆ, ಅಕ್ಕ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡೇ ವರ್ಷಗಳು ಕಳೆದಿದ್ದವು.

ಅವ್ವ ತೀರಿಕೊಂಡಾಗ ಪಾಯಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಅಕ್ಕ ಚಂಪಾ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಶಾಲೆಗೆ ಹಚ್ಚಿದಳು, ದುಡಿಮೆಗೆ ಹಚ್ಚಿದಳು, ಹೆಣ್ಣು ನೋಡಿ ಮದುವೆ ಮಾಡಿದಳು. ತಮ್ಮನ ಸಂಸಾರ ನೆಲೆನಿಂತ ಮೇಲೆ ಅವಳ ಮನಸ್ಸು ಬಸದಿಯ ಕಡೆಗೆ ತಿರುಗಿತು. ಒಪ್ಪೊತ್ತಿನ ಊಟ, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಇಲ್ಲ. ಆ ವರ್ಷ ಆಚಾರ್ಯರ ಸಂಘ ಬಂದು ಅವರ ಊರಿನಲ್ಲೇ ಚಾತುರ್ಮಾಸ ನಿಂತಿತು. ಒಂದು ಸಂಜೆ ಅಕ್ಕ ತಮ್ಮನ ಪಕ್ಕದಲ್ಲಿ ಬಂದು ಕೂತು, "ದೀವಳಿಗಿ ಆದಮ್ಯಾಲ ದೀಕ್ಷಾ ತಗೋತೀನೋ ತಮ್ಮಾ. ಆಚಾರ್ಯರು ಹೂಂ ಅಂದಾರ," ಎಂದಳು.

ದೀಕ್ಷೆ ಎಂದರೇನು ಎಂಬುದು ಪಾಯಪ್ಪನಿಗೆ ತಿಳಿಯದ್ದಲ್ಲ. ತಲೆಗೂದಲನ್ನು ಕೈಯಿಂದಲೇ ಕೀಳುತ್ತಾರೆ. ಉಡಲು ಒಂದು ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ನೀರಿಗೆ ಕಮಂಡಲು. ಹೆಸರೂ ಬೇರೆ. ಅಲ್ಲಿಂದ ಮುಂದೆ ಅವಳಿಗೆ ಊರಿಲ್ಲ, ಮನೆಯಿಲ್ಲ. ಎಲ್ಲ ಜೀವಗಳೂ ಒಂದೇ ಆದ ಮೇಲೆ ತಮ್ಮ ಎಂಬ ಬೇರೆ ಜೀವವೂ ಇಲ್ಲ. ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟು ದೊಡ್ಡ ಹಾದಿಗೆ ಹೊರಟವಳನ್ನು ಸೆರಗು ಹಿಡಿದು ಜಗ್ಗುವುದು ಪಾಪ. ಆದರೆ ಹೊಟ್ಟೆಯ ಸಂಕಟ ಪಾಪಪುಣ್ಯದ ಮಾತು ಕೇಳುತ್ತದೆಯೇ? ಅವನಿಗೆ ಅಕ್ಕನದೆಂದು ಏನಾದರೂ ಒಂದು ತನ್ನ ಹತ್ತಿರ ಉಳಿಯಬೇಕಿತ್ತು.

"ಹೋಗೂದ್ರಾಗ ನಿಂದೊಂದು ಪಟ ತಗೀತೀನಿ ಅಕ್ಕ," ಎಂದ.

"ತಗಿ, ಅದಕ್ಕೇನು," ಎಂದು ಅಕ್ಕ ಅಲ್ಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಈಗಲ್ಲ. ಈ ಕ್ಯಾಮೆರಾದಾಗೂ ಅಲ್ಲ."

ಮದುವೆ ಮನೆಗಳಲ್ಲಿ ಸುತ್ತಾಡಿ ಸವೆದ ತನ್ನ ಕ್ಯಾಮೆರಾ ಅಕ್ಕನಿಗೆ ತಕ್ಕದ್ದಲ್ಲ ಎಂದು ಅವನಿಗೆ ಅನ್ನಿಸಿತ್ತು. ಅಗಲ ರೀಲು ಹಾಕುವ ದೊಡ್ಡ ಕ್ಯಾಮೆರಾಗಳ ಬಗ್ಗೆ ಅವನು ಕೇಳಿದ್ದ. ಒಂದು ರೀಲಿಗೆ ಹನ್ನೆರಡೇ ಪಟ. ಆದರೆ ರೀಲಿನ ಮೇಲೆ ಒಂದೊಂದು ಪಟವೂ ಬೆಂಕಿಪೊಟ್ಟಣಕ್ಕಿಂತ ದೊಡ್ಡದು. ಗೋಡೆಯಷ್ಟಗಲ ಮಾಡಿಸಿದರೂ ಕಣ್ಣರೆಪ್ಪೆಯ ಕೂದಲು ಎಣಿಸಬಹುದು ಎನ್ನುತ್ತಿದ್ದರು. ಅಂಥದ್ದರಲ್ಲಿ ಅಕ್ಕನ ಮುಖ ಬಂದರೆ ಅಕ್ಕ ಮನೆಯಲ್ಲೇ ಇದ್ದಂತೆ.

ಅವನು ದೊಡ್ಡ ಪೇಟೆಗೆ ಹೋದ. ಅಲ್ಲಿ ಹಳೆಯ ಕ್ಯಾಮೆರಾ ಮಾರುವ ದಸ್ತಗೀರ ಸಾಬ ಎಂಬ ಮುದುಕ ಮೂರು ಬಗೆಯವನ್ನು ಮುಂದಿಟ್ಟ. ಒಂದು, ಬಾಜಾಪೆಟ್ಟಿಗೆಯ ತಿದಿಯಂತೆ ಮಡಿಚಿ ಬಿಚ್ಚುವಂಥದು. ಹಗುರ, ಆದರೆ ತಿದಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ನುಗ್ಗಿ ಪಟ ಕೆಡುತ್ತದೆ. ಇನ್ನೊಂದು, ಗಟ್ಟಿ ಪೆಟ್ಟಿಗೆ. ಮುಂದಿನ ಲೆನ್ಸನ್ನೂ ಹಿಂದಿನ ರೀಲಿನ ಡಬ್ಬಿಯನ್ನೂ ಬೇಕಾದಂತೆ ಬದಲಿಸಬಹುದು. ಆದರೆ ಗುಂಡಿ ಒತ್ತಿದ ಕ್ಷಣಕ್ಕೆ ಒಳಗಿನ ಕನ್ನಡಿ ಮೇಲೇಳುತ್ತದೆ, ನೋಡುವವನಿಗೆ ಎದುರಿನ ಮುಖ ಮಾಯವಾಗುತ್ತದೆ. ಮೂರನೆಯದು ಜೋಡಿಗಣ್ಣಿನದು. ಒಂದರ ಕೆಳಗೊಂದು ಎರಡು ಲೆನ್ಸು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ಪಟ ಹಿಡಿಯುವುದಕ್ಕೆ. ಕ್ಯಾಮೆರಾವನ್ನು ಎದೆಯ ಮಟ್ಟಕ್ಕಿಟ್ಟು, ತಲೆ ಬಾಗಿಸಿ, ಮೇಲ್ಭಾಗದ ಮಬ್ಬುಗಾಜಿನಲ್ಲಿ ನೋಡಬೇಕು. ಎದುರಿನದೆಲ್ಲ ಅದರಲ್ಲಿ ಮೂಡುತ್ತದೆ; ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ, ಕನ್ನಡಿಯಲ್ಲಿ ಕಂಡಂತೆ.

ಪಾಯಪ್ಪ ಒಂದನ್ನು ಎತ್ತಿ ನೋಡಿದ, ಇಟ್ಟ. ಇನ್ನೊಂದನ್ನು ಎತ್ತಿದ. ಯೋಚಿಸಿ ಬರುತ್ತೇನೆಂದು ಊರಿಗೆ ಬಂದ. ಮುಂದಿನ ವಾರ ಮತ್ತೆ ಹೋದ, ಅದರ ಮುಂದಿನ ವಾರವೂ ಹೋದ. ಕೊನೆಗೆ ದಸ್ತಗೀರ ಸಾಬ, "ಪಾಯಪ್ಪನವರ, ಕನ್ಯಾ ನೋಡಾಕ ಬಂದವರೂ ಇಷ್ಟು ಸಲ ಬರೂದಿಲ್ಲ. ಯಾವುದರ ಒಂದಕ್ಕ ತಾಳಿ ಕಟ್ಟ್ರಿ," ಎಂದ.

ಜೋಡಿಗಣ್ಣಿನದೇ ಗಟ್ಟಿಯಾಯಿತು. ಪಟ ಹಿಡಿಯುವ ಕ್ಷಣದಲ್ಲೂ ಅದರಲ್ಲಿ ಮುಖ ಮರೆಯಾಗುವುದಿಲ್ಲ. ಅಕ್ಕನನ್ನು ಒಂದು ಕ್ಷಣವೂ ಕಣ್ಣಿನಿಂದ ಕಳೆದುಕೊಳ್ಳಬಾರದು ಎಂದೇ ಅವನು ಅದನ್ನು ಆರಿಸಿದ.

ಕ್ಯಾಮೆರಾ ಬಂತು. ಇನ್ನು ಅದರ ಪರಿವಾರ ಬರಬೇಕಲ್ಲ. ಕೈ ನಡುಗಬಾರದೆಂದು ಮೂರು ಕಾಲಿನ ಸ್ಟ್ಯಾಂಡು. ಬೆಳಕು ಅಳೆಯಲು ಮೀಟರು. ಬಿಸಿಲು ಲೆನ್ಸಿಗೆ ತಾಗದಂತೆ ಹುಡ್ಡು. ಮುಖದ ಬಣ್ಣ ಹದವಾಗಿ ಬರಲೆಂದು ಹಳದಿ ಫಿಲ್ಟರು. ಸ್ಟ್ಯಾಂಡು ಎರಡು ಸಲ ಬದಲಾಯಿತು. ಒಂದು ಅಲುಗುತ್ತಿತ್ತು, ಇನ್ನೊಂದರ ಕಾಲು ಕಲ್ಲುನೆಲದ ಮೇಲೆ ಜಾರುತ್ತಿತ್ತು. ಕ್ಯಾಮೆರಾದ ಜೊತೆ ಬಂದ ಚೀಲ ಚರ್ಮದ್ದೆಂದು ಅದನ್ನು ಹಿಂದಿರುಗಿಸಿ, ಊರೂರು ಅಲೆದು ಕ್ಯಾನ್ವಾಸಿನದನ್ನು ಹುಡುಕಿ ತಂದ. ಚರ್ಮ ಮುಟ್ಟಿದ ಕೈಯಲ್ಲಿ ಅಕ್ಕನ ಪಟ ತೆಗೆಯಬಾರದೆಂದು. ಇದನ್ನೆಲ್ಲ ಶೋಕಿ ಎನ್ನಬೇಡ ನೇಮಣ್ಣ. ಶೋಕಿ ಮಾಡುವವನು ತನಗಾಗಿ ಮಾಡುತ್ತಾನೆ. ಇವನು ತಂದ ಒಂದೊಂದು ಸಾಮಾನಿನಲ್ಲೂ ಅಕ್ಕನೇ ಇದ್ದಳು.

ಹುಡ್ಡಿನ ಬಾಯಿಗೆ ಧೂಳು ಕೂರದಂತೆ ಒಂದು ಮುಚ್ಚಳ ಬೇಕಾಯಿತು. ಪಟ ಹಿಡಿಯುವ ಕೆಳಗಿನ ಕಣ್ಣಿಗೆ ಮಾತ್ರ ಸಾಕು. ಅಳತೆಗೆ ಸರಿಯಾದದ್ದು ಎಲ್ಲೂ ಸಿಗಲಿಲ್ಲ. ಹಿತ್ತಾಳೆ ಕೆಲಸದವನಿಂದ ಮಾಡಿಸಿ, ಒಳಗೆ ಕರಿಯ ಮಖಮಲ್ಲು ಅಂಟಿಸಿ, ಹೊರಗೆ ಕರಿಯ ಬಣ್ಣ ಬಳಿದ. ತೊಡಿಸಿದರೆ ಮುಚ್ಚಳ ಯಾವುದು ಕ್ಯಾಮೆರಾ ಯಾವುದು ಗೊತ್ತಾಗದಷ್ಟು ನಯವಾಗಿ ಕೂತಿತು. ಎಲ್ಲ ಸಾಮಾನಿನಲ್ಲೂ ಅವನಿಗೆ ಅದೇ ಹೆಚ್ಚು ಮೆಚ್ಚಿಗೆಯಾಯಿತು.

ಆ ತಿಂಗಳುಗಳಲ್ಲಿ ಅಕ್ಕ ಸಂಜೆಯಾದರೆ ಬಾಗಿಲಲ್ಲಿ ನಿಂತು, "ಬಸದಿಗೆ ಹೊಂಟೀನಿ. ಬರ್ತಿ ಏನು ತಮ್ಮಾ?" ಎಂದು ಕೇಳುತ್ತಿದ್ದಳು.

"ನೀ ಮುಂದ ನಡಿ, ನಾ ಬಂದೆ," ಎನ್ನುತ್ತಿದ್ದ. ಸ್ಟ್ಯಾಂಡಿನ ತಿರುಪು ಬಿಗಿಯುವುದರಲ್ಲಿ ಹೊತ್ತು ಮುಳುಗುತ್ತಿತ್ತು.

ಪರೀಕ್ಷೆಗೆಂದು ಅವನು ಒಂದು ರೀಲನ್ನು ಗೋಡೆ, ಗಡಿಯಾರ, ಬೆಕ್ಕಿನ ಮೇಲೆ ಮುಗಿಸಿದ. ಪಟಗಳು ಬಹಳ ಚೆನ್ನಾಗಿ ಬಂದವು. ಬೆಕ್ಕಿನ ಮೀಸೆ ಒಂದೊಂದೂ ಎದ್ದು ಕಾಣುತ್ತಿತ್ತು. ಅಕ್ಕ ಅವನ್ನು ಕೈಯಲ್ಲಿ ಹಿಡಿದು ನೋಡಿ, "ಗ್ವಾಡಿಗೊಂದು ಆತು, ಬೆಕ್ಕಿಗೊಂದು ಆತು. ನನ್ನ ಪಾಳಿ ಯಾವಾಗೋ?" ಎಂದು ನಕ್ಕಳು.

"ನಿಂದು ಆ ದಿನಕ್ಕ ಅಕ್ಕ. ಎಲ್ಲಾ ಕೂಡಿ ಬರಲಿ," ಎಂದ.

ಆ ದಿನ ಬಂತು. ದೀಕ್ಷೆಯ ಮುನ್ನಾದಿನ. ಅಕ್ಕನನ್ನು ಮದುಮಗಳಂತೆ ಸಿಂಗರಿಸಿ ಊರಲ್ಲಿ ಮೆರವಣಿಗೆ ಮಾಡಿದರು. ಊರಿನ ಇನ್ನೊಬ್ಬ ಪಟದವನು ತಾನೂ ಬರುತ್ತೇನೆಂದಿದ್ದ. ನನ್ನ ಅಕ್ಕನ ಪಟ ನಾನೇ ತೆಗೆಯಬೇಕು ಎಂದು ಪಾಯಪ್ಪ ಅವನನ್ನು ಬೇಡವೆಂದಿದ್ದ. ಮೆರವಣಿಗೆಯಲ್ಲಿ ಜನ ಗುಲಾಲು ಎರಚುತ್ತಿದ್ದರು, ಹಾದಿಯ ಧೂಳು ಏಳುತ್ತಿತ್ತು. ಪಾಯಪ್ಪ ಕ್ಯಾಮೆರಾವನ್ನು ಎದೆಗವಚಿಕೊಂಡು, ಕೆಳಗಿನ ಕಣ್ಣಿಗೆ ಮುಚ್ಚಳ ತೊಡಿಸಿ, ಜನರ ಬದಿಗೆ ನಡೆದ. ಅಲ್ಲಿ ಪಟ ತೆಗೆಯುವ ವಿಚಾರವಿರಲಿಲ್ಲ. ಅವನು ಗೊತ್ತುಮಾಡಿಕೊಂಡಿದ್ದ ಜಾಗ ಮನೆಯೊಳಗಿನ ಕಿಟಕಿಯ ಪಕ್ಕ.

ಮೆರವಣಿಗೆ ಮನೆಗೆ ಬಂದ ಮೇಲೆ ಅಕ್ಕ ಊಟಕ್ಕೆ ಕೂತಳು. ಅದು ಆ ಮನೆಯಲ್ಲಿ ಅವಳ ಕೊನೆಯ ಊಟ. ಅವರ ಮನೆತನದಲ್ಲಿ ಒಂದು ರೂಢಿಯಿತ್ತು. ದೀಕ್ಷೆಗೆ ಹೊರಟವರು ಎದ್ದು ಹೋಗುವ ಮುಂಚೆ ಮನೆಯ ಒಬ್ಬೊಬ್ಬರಿಗೂ ತಮ್ಮ ಕೈಯಿಂದ ಒಂದೊಂದು ತುತ್ತು ಉಣಿಸಬೇಕು. ಯಾಕೆಂದರೆ ಮರುದಿನದಿಂದ ಆ ಕೈ ಯಾರಿಗೂ ಅನ್ನ ಇಕ್ಕುವ ಕೈಯಲ್ಲ. ಅನ್ನ ಪಡೆಯುವ ಬೊಗಸೆ.

ಕಿಟಕಿಯ ಬೆಳಕು ಅಕ್ಕನ ಕೆನ್ನೆಯ ಮೇಲೆ ಹದವಾಗಿ ಬಿದ್ದಿತ್ತು. ಪಾಯಪ್ಪ ಸ್ಟ್ಯಾಂಡು ಊರಿದ, ಮೀಟರು ಹಿಡಿದು ಬೆಳಕು ಅಳೆದ, ತಲೆ ಬಾಗಿಸಿ ಗಾಜಿನೊಳಗೆ ನೋಡಿದ. ಮಬ್ಬುಗಾಜಿನಲ್ಲಿ ಅಕ್ಕ ಚಿನ್ನದ ಗೊಂಬೆಯಂತೆ ಮೂಡಿದ್ದಳು. ತಿಂಗಳುಗಟ್ಟಲೆ ಪಟ್ಟ ಪಾಡು ಸಾರ್ಥಕವಾಯಿತು ಎನ್ನಿಸಿತು.

"ತಮ್ಮಾ, ಅದರ ಕೆಳಗಿಂದು..." ಎಂದು ಅಕ್ಕ ಏನೋ ಹೇಳಹೋದಳು.

"ಮಾತಾಡಬ್ಯಾಡ ಅಕ್ಕ. ತುಟಿ ಅಲುಗ್ತಾವ."

ಅಕ್ಕ ಸುಮ್ಮನಾದಳು. ಅವನು ಗುಂಡಿ ಒತ್ತಿದ, ರೀಲು ತಿರುಗಿಸಿದ, ಮತ್ತೆ ಒತ್ತಿದ. ಮನೆಯವರು ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ಕೂತು ತುತ್ತು ಉಂಡರು. ಪಾಯಪ್ಪನ ಹೆಂಡತಿ ಅಳುತ್ತಲೇ ಉಂಡಳು. ಮುದಿ ಸೋದರಮಾವ ಒಬ್ಬನು, "ನನಗ ತುಪ್ಪ ಒಂದೀಟು ಮುಂದ ಮಾಡವ್ವ, ನಾಳಿಂದ ಕೇಳಾಕ ಬರೂದಿಲ್ಲ," ಎಂದು ಎಲ್ಲರನ್ನೂ ನಗಿಸಿ, ತಾನು ಕಣ್ಣು ಒರೆಸಿಕೊಂಡ.

ಕೊನೆಗೆ ಅಕ್ಕ ಹೂರಣದ ಹೋಳಿಗೆಯನ್ನು ಮುರಿದು, ತುಪ್ಪದಲ್ಲಿ ಅದ್ದಿ, ತಮ್ಮನ ಕಡೆಗೆ ಕೈ ಚಾಚಿದಳು.

"ಬಾರೋ. ಬಾಯಿ ತಗಿ."

ಗಾಜಿನಲ್ಲಿ ಆ ಕೈ ಮೂಡಿತು. ತುತ್ತು ಹಿಡಿದ ಐದು ಬೆರಳು, ಅದರ ಹಿಂದೆ ಅಕ್ಕನ ಮುಖ. ಇಂಥ ಪಟ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಹಂಗ ಇರು ಅಕ್ಕ. ಕೈ ಅಲುಗಿಸಬ್ಯಾಡ."

ಅಕ್ಕ ಹಾಗೇ ಇದ್ದಳು. ಅವನು ಒತ್ತಿದ. ರೀಲು ತಿರುಗಿಸಿದ. "ಇನ್ನೊಂದು," ಎಂದ. ತುಪ್ಪ ಅವಳ ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. "ಇನ್ನೊಂದ ಒಂದು." ಹೊರಗಿನಿಂದ ಹಿರಿಯರು, "ಹೊತ್ತು ಮೀರ್ತದ, ಏಳವ್ವ," ಎಂದು ಕೂಗಿದರು. ಹನ್ನೆರಡನೆಯ ಪಟವೂ ಮುಗಿದು ಅವನು ತಲೆ ಎತ್ತುವ ಹೊತ್ತಿಗೆ, ಅಕ್ಕ ತುತ್ತನ್ನು ಎಲೆಯ ತುದಿಗೆ ಇಟ್ಟು, ಕೈ ತೊಳೆಯಲು ಎದ್ದಾಗಿತ್ತು. ಹೆಂಗಸರು ಸುತ್ತುವರಿದು ಅವಳನ್ನು ಬಸದಿಗೆ ಕರೆದುಕೊಂಡು ಹೋದರು.

ಮರುದಿನ ಸಾವಿರ ಜನರ ನಡುವೆ ದೀಕ್ಷೆ ನಡೆಯಿತು. ಕೇಶಲೋಚ ಆಯಿತು, ಬಿಳಿ ಸೀರೆ ಬಂತು, ಹೊಸ ಹೆಸರನ್ನು ಕೂಗಿ ಹೇಳಿದರು. ಪಾಯಪ್ಪ ದೂರದಲ್ಲಿ ನಿಂತು ಎಲ್ಲರ ಜೊತೆ ಕೈ ಮುಗಿದ. ಎಲ್ಲರನ್ನೂ ಹರಸಲು ಎತ್ತಿದ ಪಿಂಛಿ ಅವನ ಕಡೆಗೂ ಎದ್ದಿತು. ಅವನಿಗೆ ದುಃಖವಾಯಿತು, ಆದರೆ ಧೈರ್ಯವೂ ಇತ್ತು. ಮನೆಯಲ್ಲಿ ರೀಲು ಇದೆಯಲ್ಲ.

ಜನವೆಲ್ಲ ಚದುರಿದ ಮೇಲೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಕೂತು ಅವನು ಆ ರೀಲನ್ನು ತನ್ನ ಕೈಯಿಂದಲೇ ತೊಳೆದ. ಹೊರಗೆ ತಂದು ಬೆಳಕಿಗೆ ಹಿಡಿದ. ರೀಲು ತೊಳೆದ ಗಾಜಿನಂತೆ ಬರಿದಾಗಿತ್ತು. ಅಂಚಿನಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿಗಳಿದ್ದವು. ಅಂಕಿಗಳ ಪಕ್ಕದಲ್ಲಿ ಏನೂ ಇರಲಿಲ್ಲ.

ಕ್ಯಾನ್ವಾಸಿನ ಚೀಲ ಬಿಚ್ಚಿದ. ಕೆಳಗಿನ ಕಣ್ಣಿನ ಮೇಲೆ ಮುಚ್ಚಳ ನಯವಾಗಿ ಕೂತೇ ಇತ್ತು. ಅವನು ನೋಡಿದ್ದು ಮೇಲಿನ ಕಣ್ಣಿನಿಂದ. ಅದು ತೆರೆದಿತ್ತು, ಅದರಲ್ಲಿ ಎಲ್ಲ ಸರಿಯಾಗಿ ಕಂಡಿತ್ತು. ಅಕ್ಕ ಏನು ಹೇಳಹೊರಟಿದ್ದಳು ಎಂಬುದು ಆಗ ತಿಳಿಯಿತು. ಎದುರಿಗೆ ಕೂತವಳಿಗೆ ಕಂಡದ್ದು ಹಿಂದೆ ನಿಂತವನಿಗೆ ಕಂಡಿರಲಿಲ್ಲ.

ಹೆಂಡತಿ ಬಂದು ಬರಿದಾದ ರೀಲನ್ನೂ ಅವನ ಮುಖವನ್ನೂ ನೋಡಿದಳು. ಪಕ್ಕದಲ್ಲಿ ಕೂತಳು. "ಪಟ ಇಲ್ಲದಿದ್ರ ಏನಾತು. ಕಣ್ಣಾಗ ಅದಾರಲ್ಲ," ಎಂದಳು.

ಅವನು ಕಣ್ಣು ಮುಚ್ಚಿದ. ಹಳೆಯ ಅಕ್ಕ ಸಾವಿರ ಬಗೆಯಲ್ಲಿ ನೆನಪಾದಳು. ಆ ದಿನದ ಅಕ್ಕ ಒಂದೇ ಬಗೆಯಲ್ಲಿ ನೆನಪಾದಳು. ಹೋಳಿಗೆಯ ತುತ್ತನ್ನು ಎಡಗೈಯಲ್ಲಿ ಹಿಡಿದು ಚಾಚಿದ್ದಳು.

ಪಾಯಪ್ಪ ಬೆಚ್ಚಿದ. ಅಕ್ಕ ಎಡಗೈಯಲ್ಲಿ ಅನ್ನ ಕೊಟ್ಟದ್ದುಂಟೇ? ಬೆಕ್ಕಿಗೂ ಕೊಟ್ಟವಳಲ್ಲ. ಮತ್ತೆ ಮತ್ತೆ ನೆನೆದ. ಮತ್ತೆ ಮತ್ತೆ ಅದೇ ಎಡಗೈ. ಆಮೇಲೆ ಅರ್ಥವಾಯಿತು. ಅದು ಅಕ್ಕನಲ್ಲ, ಗಾಜು. ಆ ಹೊತ್ತಿನಲ್ಲಿ ಅವನು ಒಮ್ಮೆಯೂ ತಲೆ ಎತ್ತಿ ಅವಳನ್ನು ನೋಡಿರಲಿಲ್ಲ.

ಕೆಲ ಕಾಲದ ಮೇಲೆ ಅಕ್ಕ ಸೇರಿದ ಸಂಘ ಬೇರೊಂದು ಊರಿನಲ್ಲಿದೆ ಎಂದು ತಿಳಿದು ಪಾಯಪ್ಪ ಅಲ್ಲಿಗೆ ಹೋದ. ದರ್ಶನಕ್ಕೆ ಬಂದವರ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಮೊಣಕಾಲೂರಿ, "ಪಟ ಬರಲಿಲ್ಲ, ಮಾತಾಜಿ," ಎಂದ. ಈಗ ಅಕ್ಕ ಎನ್ನುವಂತಿರಲಿಲ್ಲ.

ಮಾತಾಜಿ ಅವನನ್ನು ನೋಡಿದರು. ಮುಖದಲ್ಲಿ ಶಾಂತಿಯಿತ್ತು, ಕರುಣೆಯೂ ಇತ್ತು. ಮುಂದಿನವನಿಗೂ ಹಿಂದಿನವನಿಗೂ ಇದ್ದಷ್ಟೇ ಇತ್ತು.

"ದೂರದಿಂದ ಬಂದೀರಿ," ಎಂದರು. "ಊಟ ಆತೇನ್ರಿ?"

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ನೇಮಣ್ಣನಿಗೆ ಪಾಯಪ್ಪನ ಮೇಲೆ ಕನಿಕರ ಉಕ್ಕಿ ಬಂದಿತ್ತು. ಅಷ್ಟು ಒಳ್ಳೆಯ ಕ್ಯಾಮೆರಾ, ಅಷ್ಟು ಚೆನ್ನಾಗಿ ಬಿದ್ದ ಬೆಳಕು, ಎಲ್ಲ ಒಂದು ಹಿಡಿ ಹಿತ್ತಾಳೆಯಿಂದ ಹಾಳಾಯಿತಲ್ಲ ಎನ್ನಿಸಿತು.

"ಆ ಮುಚ್ಚಳ ಒಂದನ್ನು ಮಾಡಿಸದೆ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತಲ್ಲವೇ, ಗುರುಗಳೇ?" ಎಂದು ಕೇಳಿದ.

"ಪಟ ಬರುತ್ತಿತ್ತು ನೇಮಣ್ಣ," ಎಂದರು ಗುರುಗಳು, "ತುತ್ತು ಎಲೆಯ ತುದಿಯಲ್ಲೇ ಉಳಿಯುತ್ತಿತ್ತು."